ಸಿನಿಮಾದಲ್ಲಿ ಬಿದ್ದ ಅಕ್ಕಿಕಾಳು

ಕುಷ್ಟಗಿ ತಾಲ್ಲೂಕಿನ ಈಚಿನ ಚರಿತ್ರೆಯಲ್ಲಿ ಜನರನ್ನು ಎರಡು ಪಂಗಡವಾಗಿ ಒಡೆದ ಪ್ರಶ್ನೆ ಕುಡಿಯುವ ನೀರಿನದಲ್ಲ, ರಸ್ತೆಯದಲ್ಲ, ಚುನಾವಣೆಯದಂತೂ ಅಲ್ಲ. ಅದು ಇವೆಲ್ಲಕ್ಕಿಂತ ಗಂಭೀರವಾದದ್ದು: ಸಿನಿಮಾದಲ್ಲಿ ಬಿದ್ದ ಅಕ್ಕಿಕಾಳು ಅಕ್ಕಿಕಾಳು ಹೌದೋ ಅಲ್ಲವೋ. ತಾಳಿ ಕಟ್ಟುವ ಹೊತ್ತಿಗೆ ಸುತ್ತ ನಿಂತವರು ಅರಿಶಿನ ಹಚ್ಚಿದ ಅಕ್ಕಿ ಎರಚಿದರೆ ಮದುವೆ ಆದಂತೆ ಎಂಬುದರಲ್ಲಿ ಹನುಮಸಾಗರದವರಿಗೆ ಎಂದೂ ಅನುಮಾನವಿರಲಿಲ್ಲ. ಆದರೆ ಎರಚುವವರ ಎದುರಿಗೆ ಒಂದು ಕ್ಯಾಮೆರಾ ಇದ್ದರೆ ಆ ಅಕ್ಕಿಯ ಬಲ ಕಡಿಮೆಯಾಗುತ್ತದೆಯೇ ಎಂಬುದನ್ನು ಹಿಂದಿನ ಯಾವ ಹಿರಿಯರೂ ಯೋಚಿಸಿ ಇಟ್ಟುಹೋಗಿರಲಿಲ್ಲ. ಯೋಚಿಸುವ ಪ್ರಸಂಗ ತಂದವನು ಹಿಟ್ಟಿನ ಗಿರಣಿಯ ವಿರುಪಾಕ್ಷಿ.

ವಿರುಪಾಕ್ಷಿ ಕೆಟ್ಟವನಲ್ಲ. ಸ್ವಲ್ಪ ಕಲಸುಮೇಲೋಗರದ ಮನುಷ್ಯ, ಅಷ್ಟೆ. ಅವನ ಗಿರಣಿಗೆ ಜೋಳ ಕೊಟ್ಟವರಿಗೆ ಸಜ್ಜೆಯ ಹಿಟ್ಟು, ಗೋಧಿ ಕೊಟ್ಟವರಿಗೆ ಕಡಲೆಯ ಹಿಟ್ಟು ಹೋಗುವುದು ಊರಿಗೆ ರೂಢಿಯಾಗಿತ್ತು. ಹೆಣ್ಣುಮಕ್ಕಳು ಮನೆಗೆ ಹೋಗಿ ಡಬ್ಬಿ ತೆರೆದ ಮೇಲೆಯೇ ಅಂದಿನ ಅಡುಗೆ ಏನೆಂದು ನಿಶ್ಚಯಿಸುತ್ತಿದ್ದರು. ಇಂಥವನಿಗೆ ಬದುಕಿನಲ್ಲಿ ಖಚಿತವಾಗಿ ಗೊತ್ತಿದ್ದ ಸಂಗತಿ ಒಂದೇ: ತಾನು ಸಿನಿಮಾ ನಟ.

ಅದು ಸುಳ್ಳೂ ಅಲ್ಲ. ಮೂವತ್ತೈದು ವರ್ಷಗಳ ಕೆಳಗೆ ಬೆಂಗಳೂರಿನ ಒಂದು ಕಂಪನಿ ಬಂದು ಹನುಮಸಾಗರದಲ್ಲಿ ‘ಎರಿ ಹೊಲದ ಋಣ’ ಎಂಬ ಚಿತ್ರ ತೆಗೆದಿತ್ತು. ಅದರಲ್ಲಿ ನಾಯಕಿ ಚಿಕ್ಕ ವಯಸ್ಸಿನ ವಿಧವೆ. ಪಕ್ಕದ ಮನೆಯಲ್ಲಿ ಮದುವೆ ನಡೆಯುವಾಗ ಅವಳು ಗೋಡೆಗೆ ಒರಗಿ ನಿಂತು, ಒಂದೂ ಮಾತಾಡದೆ ಅಳುತ್ತಾಳೆ. ಆ ಅಳುವಿಗೆ ದಿಲ್ಲಿಯಲ್ಲಿ ಪದಕ ಬಂತು, ಪಂಡಿತರು ಲೇಖನ ಬರೆದರು, ಚಿತ್ರ ಶ್ರೇಷ್ಠ ಚಿತ್ರವಾಯಿತು. ಆದ್ದರಿಂದ ಯಾರೂ ನೋಡಲಿಲ್ಲ. ಆ ಪಕ್ಕದ ಮನೆಯ ಮದುವೆಯ ಮದುಮಗ ನಮ್ಮ ವಿರುಪಾಕ್ಷಿ. ಆದರೆ ಚಿತ್ರ ಉದ್ದವಾಯಿತೆಂದು ಮದುವೆಯನ್ನೆಲ್ಲ ಕತ್ತರಿಸಿ ಅಳುವನ್ನಷ್ಟೇ ಇಟ್ಟುಕೊಂಡರು. ತೆರೆಗೆ ಬಂದಾಗ ವಿರುಪಾಕ್ಷಿಯ ಪಾಲಿಗೆ ಉಳಿದದ್ದು ಒಂದು ಮೊಣಕೈ.

“ಆಕಿ ಅಳೂ ಮುಂದ ಎಡಕ್ಕ ನೋಡ್ರಿ. ಮೊಣಕೈ ಕಾಣತೈತಿ. ಅದು ನಂದು,” ಎಂದು ಅವನು ಹಿಟ್ಟು ಬೀಸಲು ಬಂದವರಿಗೆಲ್ಲ ತನ್ನ ಮೊಣಕೈ ತೋರಿಸುತ್ತಿದ್ದ. ಹಿಟ್ಟು ಮೆತ್ತಿದ ಆ ಮೊಣಕೈಗೆ ಊರಲ್ಲಿ ಒಂದು ಮರ್ಯಾದೆ ಇತ್ತು.

ಚಿತ್ರ ತೆಗೆದ ಕತೆಯಂತೂ ಅವನ ಬಾಯಲ್ಲಿ ಕಡಿಮೆಯೆಂದರೂ ಒಂದು ಚೀಲ ಜೋಳ ಬೀಸುವಷ್ಟು ಉದ್ದ. ಊರ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿದ ಡೈರೆಕ್ಟರು ವಿರುಪಾಕ್ಷಿಯ ಮುಂದೆ ಬಂದು ನಿಂತರಂತೆ. ಎಲ್ಲರೂ ನಗುತ್ತಿದ್ದರು, ಇವನೊಬ್ಬ ಬೆವರುತ್ತಿದ್ದ. “ಮದುಮಗ ಇವನೇ,” ಎಂದರಂತೆ. ಎಲ್ಲವೂ ನಿಜದಂತೆ ಇರಬೇಕೆಂದು ಡೈರೆಕ್ಟರು ಹಟ ಹಿಡಿದು, ಮದುವೆ ಮಾಡಿಸುವ ಊರ ಅಯ್ಯನವರನ್ನೇ ಕರೆಸಿದರು. ಅಯ್ಯನವರು ಡೈರೆಕ್ಟರಿಗಿಂತ ಹೆಚ್ಚು ಹಟದವರು. “ಮುಹೂರ್ತ ಇಲ್ಲದ ಹೊತ್ತಿನ್ಯಾಗ ನಾ ಬಾಯಿ ತೆರಿಯಾಂವಲ್ಲ. ಬಾಯಿಂದ ಬಂತಂದ್ರ ಮಂತ್ರ ಮಂತ್ರಾನ. ಸುಳ್ಳು ಮಂತ್ರ ನಮ್ಮ ಮನಿತನದಾಗ ಕಲಿಸಿಲ್ಲ,” ಎಂದು ಕಂಪನಿಯನ್ನು ಮಟಮಟ ಮಧ್ಯಾಹ್ನದ ತನಕ ಬಿಸಿಲಲ್ಲಿ ಕೂರಿಸಿದರು. ಮದುಮಕ್ಕಳು ಉಪವಾಸ ಇರಬೇಕೆಂದರು. ಎರಚಲು ಕಂಪನಿ ಕೊಟ್ಟ ಬಣ್ಣದ ಕಟ್ಟಿಗೆಯ ಹೊಟ್ಟನ್ನು ಊರವರು ಮುಟ್ಟಲಿಲ್ಲ. ಮನೆಯಿಂದ ಅಕ್ಕಿಗೆ ಅರಿಶಿನ ಹಚ್ಚಿಕೊಂಡು ಬಂದರು. ಇಷ್ಟೆಲ್ಲ ನಿಜವಾದ ಮೇಲೆ ಬರಿಗೈಲಿ ಹೇಗೆ ಹೋಗುವುದೆಂದು ಒಬ್ಬರು ಸ್ಟೀಲಿನ ತಂಬಿಗೆಯೊಂದನ್ನು ‘ವಿರುಪಾಕ್ಷಿ ಮದುವೆಗೆ’ ಎಂದು ಇಸವಿ ಸಮೇತ ಕೆತ್ತಿಸಿ ಮುಯ್ಯಿ ಕೂಡ ಮಾಡಿದರು.

“ತಾಳಿ ಕಟ್ಟಿದ ಮ್ಯಾಲೆ ಏನಾತಂತ ನನಗ ನೆಪ್ಪಿಲ್ಲ. ಅಷ್ಟು ಆನಂದ ಆಗಿತ್ತು,” ಎಂದು ವಿರುಪಾಕ್ಷಿ ಕತೆ ಮುಗಿಸುತ್ತಿದ್ದ. ಮದುಮಗಳು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ, ಏಕೆಂದರೆ ಆಮೇಲೆ ಎರಡು ವರ್ಷಕ್ಕೆ ಅವನಿಗೆ ಪಾರಮ್ಮನೊಂದಿಗೆ ಮದುವೆಯಾಯಿತು. ತಂಬಿಗೆಯ ಮೇಲಿನ ಇಸವಿ ತಮ್ಮ ಮದುವೆಗಿಂತ ಎರಡು ವರ್ಷ ಹಿಂದಿನದು ಯಾಕೆ ಎಂದು ಪಾರಮ್ಮ ಕೇಳಿದಾಗ, ಕೆತ್ತಿದವನಿಗೆ ಕಣ್ಣು ಮಂದ ಎಂದಿದ್ದ.

ಮದುಮಗಳಾಗಿ ಆಯ್ಕೆಯಾದವಳು ಅದೇ ಊರಿನ ಹೊಳಿಯಮ್ಮ. ಅವಳನ್ನು ಕಾರಟಗಿಗೆ ಕೊಟ್ಟರು. ಅಲ್ಲಿಯ ಅಕ್ಕಿ ಗಿರಣಿಯ ಸುತ್ತಿನ ಹೆಂಗಸರಿಗೆಲ್ಲ ಅವಳು ತಾನು ಸಿನಿಮಾದಲ್ಲಿ ಮದುಮಗಳಾಗಿದ್ದ ಕತೆ ಹೇಳುತ್ತ ಬಂದಳು. ಮದುಮಗ ಯಾರೆಂದು ಹೇಳುತ್ತಿರಲಿಲ್ಲ. ಹೀಗೆ ಎರಡು ಹೆಮ್ಮೆಗಳು ಎರಡು ಊರುಗಳಲ್ಲಿ, ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಸುಖವಾಗಿ ಬಾಳಿದವು. ಅವನ್ನು ಒಟ್ಟಿಗೆ ತಂದದ್ದು ಕುಷ್ಟಗಿ ಬಸ್ಸು. ವಿರುಪಾಕ್ಷಿಯ ಮಗಳು ಗೀತಾ ಕುಷ್ಟಗಿಯ ದವಾಖಾನೆಯಲ್ಲಿ ನರ್ಸು. ಹೊಳಿಯಮ್ಮನ ಮಗ ದುರಗೇಶ ಗಂಗಾವತಿಯ ಡಿಪೋದಲ್ಲಿ ಕಂಡಕ್ಟರು. ಟಿಕೆಟ್ಟು ಕೊಡುವುದು ಚಿಲ್ಲರೆ ಕೊಡುವುದಾಗಿ, ಚಿಲ್ಲರೆ ಮಾತಾಗಿ, ಮಾತು ಹಿರಿಯರ ತನಕ ಬಂದು, ಮದುವೆ ಗೊತ್ತಾಯಿತು. ಒಪ್ಪಿಗೆಯ ದಿನ ವಿರುಪಾಕ್ಷಿ ಮತ್ತು ಹೊಳಿಯಮ್ಮ ಒಬ್ಬರನ್ನೊಬ್ಬರು ನೋಡಿ, ಇಬ್ಬರೂ ನೆಲ ನೋಡಿದರು. ಲಗ್ನಪತ್ರ ಹಂಚಿಯಾಗಿತ್ತು. ಮದುವೆಗೆ ಹದಿನೈದು ದಿನ ಇತ್ತು.

ಅಷ್ಟರಲ್ಲಿ ಮುಸ್ಕಾನ ಬಂದಳು.

ಮುಸ್ಕಾನ ಗಂಗಾವತಿಯ ಹುಡುಗಿ, ಹಳೆಯ ಸಿನಿಮಾಗಳನ್ನು ತೆಗೆದ ಬಗೆಯ ಮೇಲೆ ಟೀವಿಗೆ ಕಾರ್ಯಕ್ರಮ ಮಾಡುವವಳು. ಕ್ಯಾಮೆರಾ ಹಿಡಿದು ಊರೆಲ್ಲ ತಿರುಗಿ ಮಾತಾಡಿಸಿದಳು. ಚಿತ್ರಕ್ಕೆ ಬಟ್ಟೆ ಹೊಲಿದಿದ್ದ ದರ್ಜಿ ಮಕ್ಬುಲಸಾಬ, “ಉಳಿದದ್ದೆಲ್ಲಾ ಛಲೋ ಆತವ್ವಾ. ಆ ಮದಿಮಗಳ ಕುಪ್ಪಸ ಒಂದು ಕಾಡಿಸ್ತು. ಮುಂಜಾನೆ ಹೊಲದು ಕೊಟ್ಟೀನಿ, ಮಧ್ಯಾಹ್ನ ಬಂದು ಭುಜ ಸಾಲವಲ್ದು ಅಂದ್ರು. ಅರ್ಧ ದಿನದಾಗ ಭುಜ ಹೆಂಗ ಬೆಳದ್ವು ಅಂತ ನನಗ ಇವತ್ತಿಗೂ ತಿಳಿದಿಲ್ಲ,” ಎಂದ. ಅವಳು ನಕ್ಕು ಗಿರಣಿಗೆ ಬಂದಳು.

ಗಿರಣಿಯಲ್ಲಿ ಆಗ ಕಾಳಪ್ಪ ಜೋಳದ ಚೀಲ ಹೆಗಲಿಗಿಟ್ಟು ನಿಂತಿದ್ದ. ಕಾಳಪ್ಪ ಪಂಚಾಯಿತಿಯ ಮಾಜಿ ಅಧ್ಯಕ್ಷ. ಅಧಿಕಾರ ಹೋದರೂ ಮೀಸೆ ಹೋಗಿರಲಿಲ್ಲ. ಅದು ಎರಡೂ ಕಡೆ ಕಿವಿಯ ಹತ್ತಿರ ಹೋಗಿ ಅಲ್ಲಿಂದ ಊರನ್ನು ನೋಡುತ್ತಿತ್ತು. ಯಾರ ಮನೆಯ ತಕರಾರಿಗೂ ಆ ಮೀಸೆಯೇ ತೀರ್ಪು.

“ಕಾಕಾ, ನಿಮಗೊಂದು ಸಿಹಿ ಸುದ್ದಿ,” ಎಂದಳು ಮುಸ್ಕಾನ. “ಕತ್ತರಿಸಿ ಒಗದಿದ್ರಲ್ಲ, ಆ ಮದಿವಿ ರೀಲು ಸಿಕ್ಕೈತಿ. ಪೂರ್ತಿ ಸ್ವಚ್ಛ ಮಾಡೀವಿ. ಬರೂ ಐತವಾರ ಸಮುದಾಯ ಭವನದಾಗ ಊರಿಗೆಲ್ಲಾ ತೋರಸ್ತೀವಿ.”

ಕಾಳಪ್ಪನ ಹೆಗಲಿನಿಂದ ಚೀಲ ಜಾರಿ ಕಾಲ ಮೇಲೆ ಬಿತ್ತು. ಅವನು ಅದನ್ನು ಎತ್ತಲಿಲ್ಲ.

ವಿರುಪಾಕ್ಷಿಗೆ ಕಣ್ಣು ತುಂಬಿ ಬಂತು. ಬರಿಯ ಮೊಣಕೈ ಆಗಿದ್ದವನು ಕೊನೆಗೂ ಪೂರ್ತಿ ಮನುಷ್ಯನಾಗುತ್ತಿದ್ದ. ಅದೇ ಸಂಭ್ರಮದಲ್ಲಿ ಅಯ್ಯನವರ ಕತೆ, ಮುಹೂರ್ತದ ಕತೆ, ಅಕ್ಕಿಯ ಕತೆ ಎಲ್ಲ ಹೇಳಿದ.

“ಮದಿಮಗಳಾಗಿದ್ದವರು ಯಾರ್ರಿ ಕಾಕಾ?”

“ಹೊಳಿಯಮ್ಮ.” ಬಾಯಿಂದ ಬಂದುಬಿಟ್ಟಿತು.

“ಯಾವ ಹೊಳಿಯಮ್ಮ?” ಎಂದ ಕಾಳಪ್ಪ. “ಕಾರಟಗಿಗೆ ಕೊಟ್ಟಾರಲ್ಲ, ಆಕಿಯೇನು? ನಿನ್ನ ಬೀಗತಿ?”

ಗಿರಣಿ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಒಳಬಾಗಿಲಲ್ಲಿ ಪಾರಮ್ಮ ತಂಬಿಗೆಯಲ್ಲಿ ನೀರು ತಂದು ನಿಂತಿದ್ದಳು. ಅವಳು ಗಂಡನನ್ನು ನೋಡಲಿಲ್ಲ, ತಂಬಿಗೆಯನ್ನು ನೋಡಿದಳು; ಅದರ ಮೇಲಿನ ಇಸವಿಯನ್ನು ಇನ್ನೊಮ್ಮೆ ಓದಿದಳು.

“ಕೆತ್ತಿದಾಂವಗ ಕಣ್ಣು ಛಲೋ ಇದ್ವು,” ಎಂದಳು. ನೀರನ್ನು ಎಮ್ಮೆಗೆ ಹಾಕಿ ಒಳಗೆ ಹೋದಳು.

ಅಂದಿನಿಂದ ವಿರುಪಾಕ್ಷಿಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ. ಮಾತು ಸಿಕ್ಕಾಗ ಅದು ಎಮ್ಮೆಯೊಂದಿಗೆ ಆಡಿದ ಮಾತಾಗಿತ್ತು. “ನಾ ಎರಡನೇದಾಕಿ ಅಂತ ನಮ್ಮಪ್ಪಗ ಗೊತ್ತಿದ್ದಿಲ್ಲವ್ವಾ. ಗೊತ್ತಿದ್ರ ಯಲಬುರ್ಗಿ ಕಡಿ ಒಬ್ಬ ಮಾಸ್ತರ ಇದ್ದ, ಅವಗ ಕೊಡತಿದ್ದ.” ಎಮ್ಮೆ ಸಹಾನುಭೂತಿಯಿಂದ ಕೇಳುತ್ತಿತ್ತು.

ಸಂಜೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ವಿಷಯ ಅಧಿಕೃತವಾಗಿ ಚರ್ಚೆಗೆ ಬಂತು. ಕಾಳಪ್ಪ ನಡುವೆ ಕೂತಿದ್ದ.

“ಅಯ್ಯನವರು ಖರೇ. ಮಂತ್ರ ಖರೇ. ಮುಹೂರ್ತ ಖರೇ, ಅಕ್ಕಿ ಖರೇ. ಮದಿವಿ ಒಂದು ಹೆಂಗ ಸುಳ್ಳು ಆಕ್ಕತಿ? ನಾ ಅಲ್ಲೇ ಇದ್ದೆ. ನನ್ನಷ್ಟು ಹತ್ರದಿಂದ ನೋಡಿದವ್ರು ಯಾರೂ ಇಲ್ಲ,” ಎಂದ.

“ಹಂಗಾರ ಗೀತಾ, ದುರಗೇಶ ಏನಾದ್ರು?” ಎಂದರು ಯಾರೋ.

“ಅದನ್ನ ನನ್ನ ಬಾಯಿಂದ ಯಾಕ ಹೇಳಸ್ತೀರಿ. ಅಪ್ಪ ಅವನು, ಅವ್ವ ಆಕಿ. ಅಣ್ಣ ತಂಗಿ ಆದ್ರು.”

ಕಟ್ಟೆ ಎರಡಾಯಿತು. ಕ್ಯಾಮೆರಾದ ಮುಂದೆ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದು ಒಂದು ಪಕ್ಷ. ಈಗ ಎಲ್ಲ ಮದುವೆಗೂ ವಿಡಿಯೊದವನು ಬರುತ್ತಾನೆ, ಹಾಗಾದರೆ ಈಗಿನ ಮದುವೆ ಯಾವುದೂ ಲೆಕ್ಕಕ್ಕಿಲ್ಲವೇ ಎಂದು ಇನ್ನೊಂದು ಪಕ್ಷ. ಈಚೆಗೆ ಮದುವೆಯಾದ ಇಬ್ಬರು ಎದ್ದು ಮನೆಗೆ ಹೋದರು.

ವಿರುಪಾಕ್ಷಿ ದೂರದಲ್ಲಿ ನಿಂತು ಬೆವರುತ್ತಿದ್ದ. ಕಾಳಪ್ಪ ಅವನನ್ನು ಪಕ್ಕಕ್ಕೆ ಕರೆದು ಮೆತ್ತಗೆ, “ತಮ್ಮಾ, ಒಂದ ದಾರಿ ಐತಿ. ಆ ಪಿಚ್ಚರ್ ನಿಲ್ಲಸು,” ಎಂದ. “ಅವತ್ತು ನೋಡಿದವ್ರೊಳಗ ಅರ್ಧ ಮಂದಿ ಸತ್ತಾರ, ಉಳಿದವರಿಗೆ ಕಣ್ಣು ಕಾಣೂದಿಲ್ಲ. ಪಿಚ್ಚರ್ ತೋರಿಸಲಿಲ್ಲ ಅಂದ್ರ ಎಲ್ಲಾ ಮುಚ್ಚಿ ಹೋಕ್ಕತಿ. ನಿನ್ನ ಮಗಳ ಸಲುವಾಗಿ ಹೇಳಾಕ ಹತ್ತೀನಿ, ನನಗೇನೈತಿ ಇದರಾಗ.”

ಕಾಳಪ್ಪನಂಥ ಅಂತಃಕರಣ ಊರಲ್ಲಿ ಇನ್ನೊಬ್ಬರಿಗಿಲ್ಲ ಎಂದುಕೊಂಡ ವಿರುಪಾಕ್ಷಿ. ಅವನು ಹೋಗಿ ಮುಸ್ಕಾನಳಿಗೆ ಕೈಮುಗಿದ. ಅವಳು, “ಕಾಕಾ, ಆ ಪಿಚ್ಚರದಾಗ ಉಳಿದದ್ದೆಲ್ಲಾ ಹಳೇದು. ಹೊಸಾದು ಅಂದ್ರ ನಿಮ್ಮ ಮದಿವಿ ಒಂದ. ಎಮ್ಮೆಲ್ಲೆ ಸಾಹೇಬ್ರನ್ನ ಬ್ಯಾರೆ ಉದ್ಘಾಟನಾಕ್ಕ ಕರದೀವಿ. ಈಗ ಹೆಂಗ ನಿಲ್ಲಸೂದು?” ಎಂದಳು.

ಉಳಿದ ದಾರಿ ಸರಕಾರದ್ದು. ಮರುದಿನ ವಿರುಪಾಕ್ಷಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತನಗೂ ಹೊಳಿಯಮ್ಮನಿಗೂ ಮದುವೆ ಆಗಿಲ್ಲವೆಂದು ಒಂದು ಸರ್ಟಿಫಿಕೇಟು ತರಲು ತಾಲ್ಲೂಕು ಕೇಂದ್ರಕ್ಕೆ ಹೋಗಿ ಒಂದು ಕಚೇರಿಯ ಗುಮಾಸ್ತರ ಮುಂದೆ ನಿಂತ.

“ನಿಮ್ಮ ಮದಿವಿ ನೋಂದಣಿ ಆಗೇತೇನು?” ಎಂದು ಗುಮಾಸ್ತರು ಕೇಳಿದರು.

“ಯಾವದ್ರಿ?”

ಗುಮಾಸ್ತರು ಕನ್ನಡಕ ತೆಗೆದರು. “ಎಷ್ಟದಾವು?”

ವಿರುಪಾಕ್ಷಿ ಎಲ್ಲವನ್ನೂ ಹೇಳಿದ. ಪಕ್ಕದ ಮೇಜಿನವರೂ ಕುರ್ಚಿ ಎಳೆದುಕೊಂಡು ಬಂದರು. ಕೊನೆಗೆ ಗುಮಾಸ್ತರು, “ಆಗೇತಿ ಅಂತ ಬರಕೊಡ್ತೀವ್ರಿ. ಆಗಿಲ್ಲ ಅಂತ ಬರಕೊಡೂ ಪದ್ಧತಿ ಇಲ್ಲ. ಊರಾಗ ನೀವು ಎಷ್ಟು ಮಂದಿ ಕೂಡ ಮದಿವ್ಯಾಗಿಲ್ಲ, ಅಷ್ಟೂ ಬರಕೋತ ಕುಂತ್ರ ನಾವು ಮನಿಗೆ ಹೋಗೂದು ಯಾವಾಗ?” ಎಂದರು.

“ಬಿಡುಗಡಿ ಕೊಡಿಸ್ರಿ ಹಂಗಾರ.”

“ಅದಕ್ಕ ಮದಲ ಮದಿವಿ ಆಗೇತಿ ಅಂತ ಸಾಬೀತು ಮಾಡಬೇಕು.”

“ಮಾಡಿದ್ರ?”

“ಮಾಡಿದ್ರ, ಅದು ಇರೂ ಮುಂದ ಎರಡನೇದು ಯಾಕಾದಿ ಅಂತ ಕೇಳ್ತಾರ. ಅದು ಬ್ಯಾರೆ ಕಚೇರಿ.”

ಹೋಗುವಾಗ ಅನುಮಾನದ ಗಂಡನಾಗಿದ್ದ ವಿರುಪಾಕ್ಷಿ ಬರುವಾಗ ಬಹುಮಟ್ಟಿಗೆ ಇಬ್ಬರು ಹೆಂಡಿರ ಗಂಡನಾಗಿ ಬಂದ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದ.

ಮನೆಗೆ ಬರುವ ಹೊತ್ತಿಗೆ ಕಾರಟಗಿಯಿಂದ ಫೋನು. ಹೊಳಿಯಮ್ಮನ ಗಂಡ ಹುಲಿಗೇಶ ಅಕ್ಕಿ ಗಿರಣಿಯಲ್ಲಿ ಹಮಾಲರ ಮುಖಂಡ. ಸಿಟ್ಟು ಬಂದಷ್ಟೂ ಮೆತ್ತಗೆ ಮಾತಾಡುವ ಮನುಷ್ಯ. ಅಂದು ಬಹಳ ಮೆತ್ತಗಿದ್ದ.

“ಬೀಗ್ರ, ಒಂದು ಮಾತು ಕೇಳಬೇಕಾಗಿತ್ತು. ನನ್ನ ಹೇಣ್ತಿ ನಿಮಗ ಹೇಣ್ತಿ ಆದ್ರ, ನಾ ನಿಮಗ ಏನಾಗಬೇಕು?”

“ಬೀಗರ ಆಗಬೇಕ್ರಿ.”

“ಬೀಗ ಆಗಬೇಕಂದ್ರ ನಿಮ್ಮ ಮಗಳು ನನಗ ಸೊಸಿ ಆಗಬೇಕು. ಇಲ್ಲಿ ಮಂದಿ ಆಕಿನೂ ನನಗ ಮಗಳ ಆಕ್ಕಾಳ ಅನ್ನಾಕ ಹತ್ಯಾರ.”

“ಬೀಗತ್ಯಾರು ಏನಂತಾರ್ರಿ?”

“ಆಕಿ ಏನೂ ಅನವಲ್ಲಳು. ನಮ್ಮ ಸಂಸಾರದಾಗ ಇದು ಮದಲನೇ ಸಲ.” ಹುಲಿಗೇಶನ ದನಿ ಇನ್ನೂ ಮೆತ್ತಗಾಯಿತು. “ಐತವಾರ ನಾವು ಬರ್ತೀವಿ. ಕಣ್ಣಿಲೇ ನೋಡಿ ಇತ್ಯರ್ಥ ಮಾಡೂಣು. ಪರದೆ ಮ್ಯಾಲೆ ಆಕಿ ಕೊಳ್ಳಾಗ ನೀವು ತಾಳಿ ಕಟ್ಟಿದ್ದು ಕಂಡ್ರ ಈ ಮದಿವಿ ಮುರದಂಗ. ಹಂಗಂತ ನಮ್ಮ ಹಿರೇರು ಅಂದಾರ. ನನಗ ಮನಸಿಲ್ಲ. ಖರೇ ಹೇಳ್ತೀನಿ, ನಿಮ್ಮ ಮಗಳು ಛಲೋ ಹುಡುಗಿ.”

ಫೋನಿಟ್ಟು ವಿರುಪಾಕ್ಷಿ ಮಗಳ ಮುಖ ನೋಡಿದ. ಗೀತಾ ದವಾಖಾನೆಯ ಚೀಲ ಗೋಡೆಗೆ ತೂಗುಹಾಕುತ್ತಿದ್ದಳು.

“ಅಪ್ಪ, ನೀ ಮದಿವ್ಯಾಗಿದ್ದು ಪಿಚ್ಚರದಾಗ. ನಾ ಹುಟ್ಟಿದ್ದು ದವಾಖಾನ್ಯಾಗ. ಇಷ್ಟು ಮಂದ್ಯಾಗ ಇದು ಒಬ್ಬರಿಗೂ ತಿಳಿಯವಲ್ದೇನು?”

“ತಿಳಿತೈತಿ ಯವ್ವಾ. ಹಿರೇರಿಗೆ ತಿಳಿಯೂದಿಲ್ಲ.”

ಅವಳು ಒಲೆಯ ಮುಂದೆ ಹೋಗಿ ಕೂತಳು. ಆ ರಾತ್ರಿ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು. ರೊಟ್ಟಿ ತಿನ್ನುವಾಗ ಅದು ಸಜ್ಜೆಯೋ ಜೋಳವೋ ಎಂದು ವಿರುಪಾಕ್ಷಿಗೆ ತಿಳಿಯಲಿಲ್ಲ. ಮಗಳ ಮದುವೆ ತನ್ನ ಮೊಣಕೈಯಿಂದ ಮುರಿಯುತ್ತಿದೆ ಎಂಬುದಷ್ಟೇ ತಿಳಿದಿತ್ತು.

ಭಾನುವಾರ ಸಮುದಾಯ ಭವನದ ಕಿಟಕಿಗಳಿಗೆಲ್ಲ ಜಮಖಾನೆ ಕಟ್ಟಿ ಹಾಡುಹಗಲಲ್ಲಿ ಕತ್ತಲೆ ಮಾಡಿದ್ದರು. ಪದಕ ಬಂದ ಚಿತ್ರಕ್ಕೆ ಹಿಂದೆ ಸಿಗದಿದ್ದ ಜನ ಅಂದು ಸಿಕ್ಕಿತು. ಬಾಗಿಲಲ್ಲಿ ಶೇಂಗಾ ಮಾರುವವನೂ ಬಂದಿದ್ದ. ಸಾಹೇಬರು ಬಂದು ಈ ಊರಿನ ಮಣ್ಣಿನಲ್ಲೇ ಕಲೆಯಿದೆ ಎಂದು ಹೇಳಿ, ಚಿತ್ರ ಶುರುವಾಗುವ ಮೊದಲೇ ಇನ್ನೊಂದು ಊರಿನ ಮಣ್ಣಿಗೆ ಹೊರಟುಹೋದರು.

ಕಾರಟಗಿಯವರು ಒಂದು ಟಂಟಂ ಗಾಡಿಯ ತುಂಬ ಬಂದಿದ್ದರು. ಹೊಳಿಯಮ್ಮ ಸೆರಗು ಹೊದ್ದು, ಮುಖ ಬಿಗಿದುಕೊಂಡು ಕೂತಿದ್ದಳು. ಪಾರಮ್ಮ ಅವಳಿಂದ ಮೂರು ಕುರ್ಚಿ ಬಿಟ್ಟು, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಾಕ್ಷಿಗೆಂದು ತಂದಿದ್ದಳೋ ಎಸೆಯಲೆಂದೋ ಯಾರೂ ಕೇಳಲಿಲ್ಲ. ಕಾಳಪ್ಪನ ಹೆಂಡತಿ ಸುಂಕಲಮ್ಮ, ಬರಬೇಡವೆಂದು ಗಂಡ ಹೇಳಿದ್ದರಿಂದಲೇ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲು ಹಿಡಿದಿದ್ದಳು. ಕಾಳಪ್ಪ ಮಾತ್ರ ಕುರ್ಚಿ ಬೇಡವೆಂದು ಹಿಂದುಗಡೆ ಗೋಡೆಯ ಸ್ವಿಚ್ ಬೋರ್ಡಿಗೆ ಒರಗಿ ನಿಂತಿದ್ದ. “ಲೈಟು ಹೋಗೂ ಹಂಗ ಕಾಣತೈತಿ,” ಎಂದು ಆಗಾಗ ಹೇಳುತ್ತಿದ್ದ. ಮುಸ್ಕಾನ ಬ್ಯಾಟರಿ ತಂದಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ. ಶುರುವಾದ ಮೇಲೆ ಭವನದ ದೀಪ, ಫ್ಯಾನು ಎಲ್ಲ ಫಟ್ಟನೆ ಆರಿದವು. ಚಿತ್ರ ಮಾತ್ರ ಆರಲಿಲ್ಲ. ಕತ್ತಲೆ ಇನ್ನೂ ಚೆನ್ನಾಗಿ ಆಯಿತೆಂದು ಜನ ಹೊಗಳಿದರು.

ಪರದೆಯ ಮೇಲೆ ಮೂವತ್ತೈದು ವರ್ಷದ ಹಿಂದಿನ ಹಂದರ. ತೀರಿಕೊಂಡ ಅಯ್ಯನವರು ಬದುಕಿ ಬಂದು ಬಾಯಿ ತುಂಬ ಮಂತ್ರ ಹೇಳಿದರು. ಕೆಲವರು ರೂಢಿಬಲದಿಂದ ಕೈಮುಗಿದರು. ಹೂವಿನ ಎಳೆಗಳು ಎದೆಯ ತನಕ ಇಳಿಬಿದ್ದ ಬಾಸಿಂಗ ಕಟ್ಟಿಕೊಂಡು ಮದುಮಗ ಕೂತಿದ್ದ, ಮದುಮಗಳೂ ಅಷ್ಟೆ. ಇಬ್ಬರದೂ ಮುಖ ಕಾಣುವುದಿಲ್ಲ. ಮದುಮಗನ ಕೈ ನಡುಗುವುದನ್ನು ನೋಡಿ, ಅದು ವಿರುಪಾಕ್ಷಿಯೇ ಎಂದು ಇಡೀ ಭವನ ಒಪ್ಪಿತು. ಹುಲಿಗೇಶ ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಮದುಮಗ ತಾಳಿ ಕಟ್ಟತೊಡಗಿದ. ಗಂಟು ಬೀಳಲಿಲ್ಲ. ಮತ್ತೆ ಕಟ್ಟಿದ, ಬೀಳಲಿಲ್ಲ. ಆಗ ಮದುಮಗಳು ತಾಳ್ಮೆಗೆಟ್ಟು ಕೈ ಹಿಂದಕ್ಕೆ ಒಯ್ದು, ದಾರದ ತುದಿ ಹಿಡಿದು, ಎತ್ತಿನ ಮೂಗುದಾರ ಬಿಗಿದ ಹಾಗೆ ಬಿಗಿದಳು. ಅಕ್ಕಿಕಾಳು ಬಿದ್ದವು. ವಾದ್ಯ ಮೊಳಗಿತು.

“ಭುಜ ನೋಡ್ರಿ, ಭುಜ,” ಎಂದು ಕತ್ತಲೆಯಲ್ಲಿ ಮಕ್ಬುಲಸಾಬನ ದನಿ ಕೇಳಿತು. “ಆ ಭುಜಕ್ಕ ನಾ ಹೊಲದಿಲ್ಲ.”

ಕಟ್ ಎಂದು ಯಾರೋ ಕೂಗಿದರು; ಅಕ್ಕಿ ಎರಚಿದವರೆಲ್ಲ ಊಟದ ಕಡೆ ಓಡಿದರು. ಚಿತ್ರಕ್ಕೆ ಬೇಕಾದದ್ದು ಅಲ್ಲಿಗೆ ಮುಗಿದಿತ್ತು; ಆದರೆ ಕ್ಯಾಮೆರಾದವನು ನಿಲ್ಲಿಸುವುದನ್ನು ಮರೆತಿದ್ದ, ಮುಸ್ಕಾನ ಅದನ್ನೂ ಉಳಿಸಿಕೊಂಡಿದ್ದಳು. ಉಪವಾಸವಿದ್ದ ಮದುಮಗ ಕೂತಲ್ಲೇ ಒಂದು ಕಡೆಗೆ ಉರುಳಿದ. ಮದುಮಗಳು ಒಂದೇ ಕೈಯಲ್ಲಿ ಅವನ ಅಂಗಿಯ ಕೊರಳು ಹಿಡಿದು, ಜೋಳದ ಚೀಲದಂತೆ ಎತ್ತಿ ಹಂದರದ ಕಂಬಕ್ಕೆ ಒರಗಿಸಿದಳು. ಬಾಸಿಂಗ ಕಿತ್ತು ಪಕ್ಕಕ್ಕಿಟ್ಟಳು. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಸಿಕ್ಕಿಸಿ, ಕುಪ್ಪಸದೊಳಗಿಂದ ಬೀಡಿ ತೆಗೆದು, ಅಯ್ಯನವರ ಆರತಿಯ ದೀಪಕ್ಕೆ ಬಗ್ಗಿದಳು. ಅಯ್ಯನವರು ತಲೆಗೊಂದು ಕೊಟ್ಟರು. ಬೀಡಿ ಹತ್ತಿತು. ಅವಳು ಕ್ಯಾಮೆರಾದ ಕಡೆ ತಿರುಗಿ ಹೊಗೆ ಬಿಟ್ಟಳು. ನೀಟಾದ ಮೂಗು, ಕಾಡಿಗೆಯ ಕಣ್ಣು, ದುಂಡನೆಯ ಕುಂಕುಮ.

“ಅಯ್ಯ, ಇದು ನಮ್ಮ ಅತ್ತಿ,” ಎಂದಳು ಮುಂದಿನ ಸಾಲಿನಲ್ಲಿ ಸುಂಕಲಮ್ಮ. ಆಮೇಲೆ, “ಅಲ್ಲ. ಅತ್ತಿ ಬೀಡಿ ಸೇದುತ್ತಿದ್ದಿಲ್ಲ,” ಎಂದಳು.

ಆಮೇಲೆ ಅವಳು ನಿಧಾನವಾಗಿ ಸ್ವಿಚ್ ಬೋರ್ಡಿನ ಕಡೆ ತಿರುಗಿದಳು. ಅವಳ ಹಿಂದೆ ಇಡೀ ಭವನ ತಿರುಗಿತು. ಯಾರೋ ಕಿಟಕಿಯ ಜಮಖಾನೆ ಸರಿಸಿದರು. ಬೆಳಕು ಬಂದು ಸೀದಾ ಕಾಳಪ್ಪನ ಮೀಸೆಯ ಮೇಲೆ ಬಿತ್ತು. ಮೀಸೆಯ ಕೆಳಗೆ, ಮೂವತ್ತೈದು ವರ್ಷ ಬಲಿತಿದ್ದರೂ, ಮದುಮಗಳ ಮುಖ ಹಾಗೆಯೇ ಇತ್ತು.

ಕಾಳಪ್ಪ ಸ್ವಿಚ್ ಬೋರ್ಡಿನಿಂದ ಕೈ ತೆಗೆದ. ಹೇಳುವುದನ್ನು ಈಗ ಅವನೇ ಹೇಳಬೇಕಾಯಿತು.

“ಅವತ್ತು ಹೊಳಿಯಮ್ಮನ ಅಪ್ಪ ಬಂದು ಆಕಿನ್ನ ಎಳಕೊಂಡು ಹೋಗಿಬಿಟ್ಟ. ಅಯ್ಯನವ್ರು ನೋಡಿದ್ರ ಮುಹೂರ್ತ ಮೀರಾಕ ಹತ್ತೈತಿ ಅಂತಾರ. ಆ ಡೈರೆಕ್ಟರು ಅಳೂದೊಂದು ಬಾಕಿ. ತೆಳ್ಳಗಿದ್ದಾಂವ ನಾ ಒಬ್ಬನ. ಒಂದು ಕಟ್ಟು ಬೀಡಿ ಕೊಡ್ತೀನಂದ್ರು.”

“ಮೀಸಿ?” ಎಂದಳು ಸುಂಕಲಮ್ಮ.

“ಅದೂ ಹೋತು. ಹುಳುಕಡ್ಡಿ ಆಗೇತಿ ಅಂತ ಊರಾಗ ಹೇಳಿದೆ.”

ಹುಲಿಗೇಶ ಎದ್ದು ನಿಂತು ಹೆಂಡತಿಯನ್ನು ಕೇಳಿದ, “ಮದಲ ಹೇಳಾಕ ಏನಾಗಿತ್ತು ನಿನಗ?”

ಹೊಳಿಯಮ್ಮ ಮೊದಲ ಸಲ ಸೆರಗು ಹಿಂದಕ್ಕೆ ಸರಿಸಿದಳು. “ಇಡೀ ಕಾರಟಗಿಗೆ ಹೇಳೀನಿ, ಮದಿಮಗಳು ನಾ ಅಂತ. ಗಿರಣಿ ಹೆಣ್ಮಕ್ಕಳೆಲ್ಲಾ ಕುಂತಾರ ಇಲ್ಲಿ, ಹೆಂಗ ಬಾಯಿ ಬಿಡ್ಲಿ? ಪರದೆ ಮ್ಯಾಲೆ ಮುಖ ಕಾಣೂದಿಲ್ಲ, ಆಮ್ಯಾಲೆ ಮನ್ಯಾಗ ನಿಮಗೊಬ್ಬರಿಗೆ ಹೇಳಿದ್ರಾತು ಅಂದ್ಕೊಂಡಿದ್ದೆ. ಈ ಕಾಳಪ್ಪ ಬೀಡಿ ಸೇದಿ ಕೆಡಿಸಿದ.”

ಹುಲಿಗೇಶ ತುಂಬ ಮೆತ್ತನೆಯ ದನಿಯಲ್ಲಿ, “ಕಾಳಪ್ಪಣ್ಣ, ನೀವು ಹಿರೇರು. ನಿಮ್ಮಷ್ಟು ಹತ್ರದಿಂದ ನೋಡಿದವ್ರು ಯಾರೂ ಇಲ್ಲಂತ. ನೀವ ಹೇಳಿಬಿಡ್ರಿ. ಅಯ್ಯನವ್ರು ಖರೇ, ಮಂತ್ರ ಖರೇ. ಅಕ್ಕಿಕಾಳು ಬಿದ್ದಂಗೋ ಇಲ್ಲೋ?” ಎಂದ.

ಕಾಳಪ್ಪ ಮೀಸೆ ಮುಟ್ಟಿ ನೋಡಿಕೊಂಡ. ವಿರುಪಾಕ್ಷಿಯ ಕಡೆ ನೋಡಿದ. ವಿರುಪಾಕ್ಷಿಯೂ ಅವನ ಕಡೆ ನೋಡಿ, ತಾನು ತಾಳಿ ಕಟ್ಟಿದ ಕೊರಳು ಯಾರದೆಂದು ಹೊಳೆದು ಬೆವರಿದ.

“ಸಿನಿಮಾದಾಗ ಬಿದ್ದದ್ದು ಅಕ್ಕಿ ಅಷ್ಟ,” ಎಂದ ಕಾಳಪ್ಪ. “ಅದು ಕೋಳಿಗೆ ಹೋಕ್ಕತಿ. ಮದಿವಿಗೆ ಬರೂದಿಲ್ಲ.”

ಹೀಗೆ ತಾಲ್ಲೂಕನ್ನು ಒಡೆದಿದ್ದ ಪ್ರಶ್ನೆ ಹಾಡುಹಗಲಲ್ಲಿ, ಶೇಂಗಾ ಸಿಪ್ಪೆಗಳ ನಡುವೆ, ಒಂದೇ ಮಾತಿನಲ್ಲಿ ತೀರಿತು. ವಿರುಪಾಕ್ಷಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಆ ವಾರದಲ್ಲಿ ಮೊದಲ ಸಲ ಉಸಿರನ್ನು ಪೂರ್ತಿ ಒಳಗೆ ಎಳೆದುಕೊಂಡು ಪೂರ್ತಿ ಹೊರಗೆ ಬಿಟ್ಟ. ಗೀತಾ ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ, “ನೀ ನನಗ ಅಣ್ಣ ಅಲ್ಲಂತ,” ಎಂದು ಹೇಳುತ್ತಿದ್ದಳು. ಆ ಕಡೆಯಿಂದ ಬಸ್ಸಿನ ಸದ್ದು ಕೇಳುತ್ತಿತ್ತು.

ಪಾರಮ್ಮ ಎದ್ದಳು. ಗಂಡ ತಲೆ ತಗ್ಗಿಸಿದ. ಆದರೆ ಅವಳು ಅವನನ್ನು ದಾಟಿ ಮುಂದಿನ ಸಾಲಿಗೆ ಹೋಗಿ, ತಂಬಿಗೆಯನ್ನು ಸೆರಗಿನಿಂದ ಒರೆಸಿ ಸುಂಕಲಮ್ಮನ ಕೈಗಿಟ್ಟಳು.

“ಇಷ್ಟು ದಿವಸ ತಪ್ಪಿ ನಮ್ಮ ಮನ್ಯಾಗ ಉಳದಿತ್ತು ಅಕ್ಕ. ಮದಿಮಗಳ ಮನಿಗೆ ಹೋಗಬೇಕಾದ್ದು.”

ಸುಂಕಲಮ್ಮ ತಂಬಿಗೆಯನ್ನು ತಿರುಗಿಸಿ ಅಕ್ಷರ ಓದಿದಳು. “ಹಂಗಾರ ನನಗೂ ನಿನಗೂ ಏನು ಸಂಬಂಧ ಆತವ್ವಾ ಪಾರಮ್ಮ?”

“ಕೇಳಬ್ಯಾಡ. ತಗೋ.”

ಅಂದು ಮನೆಗೆ ಹೋದ ಮೇಲೆ ಪಾರಮ್ಮ ಗಂಡನಿಗೆ ಬೇರೆ ಲೋಟದಲ್ಲಿ ನೀರು ಕೊಟ್ಟಳು. “ಆನಂದಕ್ಕ ನೆಪ್ಪು ಹೋಗಿತ್ತಂತ,” ಎಂದಳು. “ಉಪವಾಸಕ್ಕ ಬಿದ್ದಾಂವ.” ಅವಳು ಎಮ್ಮೆಯ ಕಡೆ ನೋಡದೆ ಅವನನ್ನೇ ನೋಡಿ ಆಡಿದ ಮಾತು ಅದು. ವಿರುಪಾಕ್ಷಿ ನೀರು ಕುಡಿದು ಲೋಟ ಮುಂದೆ ಹಿಡಿದ. ಅವಳು ಇನ್ನೊಂದು ಲೋಟ ಹಾಕಿದಳು.

ಗೀತಾ ಮತ್ತು ದುರಗೇಶನ ಮದುವೆ ಲಗ್ನಪತ್ರದಲ್ಲಿದ್ದ ದಿನವೇ ಆಯಿತು. ಬೀಗರಿಬ್ಬರೂ ಮಾತಾಡಿಕೊಂಡು ವಿಡಿಯೊದವನನ್ನು ಕರೆಯಲಿಲ್ಲ. ತಂಬಿಗೆ ಈಗ ಕಾಳಪ್ಪನ ಮನೆಯಲ್ಲಿದೆ.